ಗಿನಿ ಪಿಗ್ ಗೂಡಿಗೆ ಅಟ್ಟ ಇದೆಯಾ? ಬೀಳದ ಹಾಗೆ ಮಾಡಿಕೊಳ್ಳಿ

ಕೊತ್ತಂಬರಿ ಸೊಪ್ಪಿನ ಕವರ್ ಸರಸರ ಅಂದದ್ದಷ್ಟೇ. ನಾನು ಅಡುಗೆಮನೆಯಲ್ಲಿದ್ದೆ. ಹಾಲ್‌ನಲ್ಲಿ ನಮ್ಮ ಎರಡು ಗಿನಿ ಪಿಗ್‌ಗಳು, ಕಡ್ಲೆ ಮತ್ತು ಬೆಲ್ಲ, ಗೂಡಿನ ಅಟ್ಟದ ಮೇಲೆ ಮಲಗಿದ್ದವು. ಸದ್ದು ಕಿವಿಗೆ ಬಿದ್ದ ಕೂಡಲೇ ಕೀಚಲು ದನಿಯಲ್ಲಿ ಕೂಗುತ್ತಾ ಎರಡೂ ಎದ್ದು ಓಡಿದವು. ಕಡ್ಲೆ ಇಳಿಜಾರು ಹಲಗೆಯ ಮೇಲೆ ಕೆಳಗೆ ಬಂದಳು. ಬೆಲ್ಲ ಹಲಗೆಯ ಪಕ್ಕದಿಂದ ಬಂದಳು, ಅಂದರೆ ಬಿದ್ದಳು. ಒಂದೂವರೆ ಅಡಿ ಎತ್ತರ. ಮುಂದಿನ ಹಲ್ಲು ಮುರಿದಿತ್ತು, ಒಂದು ಕಾಲನ್ನು ಊರುತ್ತಿರಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಇತ್ತು. ಗಿನಿ ಪಿಗ್ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಮೂರು ವಾರದಲ್ಲಿ ಹಲ್ಲೂ ಬಂತು. ಆ ಮೂರು ವಾರ ಸೌತೆಕಾಯಿಯನ್ನು ಎಳೆ ಎಳೆಯಾಗಿ ಹೆಚ್ಚಿ ಬಾಯಿಗಿಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ನಾವು ಗೂಡು ಕಟ್ಟಿಸಿದ್ದು ನಿಧಾನವಾಗಿ ನಡೆಯುವ ಗಿನಿ ಪಿಗ್‌ಗೆ. ಬಿದ್ದದ್ದು ಓಡುವ ಗಿನಿ ಪಿಗ್. ಅಂಗಡಿಯಲ್ಲಿ ಸಿಗುವ ಎರಡು ಮೂರು ಅಂತಸ್ತಿನ ಗೂಡುಗಳಲ್ಲೂ ನಾನು ನೋಡಿದ ಮಟ್ಟಿಗೆ ಇದೇ ತಾಪತ್ರಯ. ಅವುಗಳಲ್ಲಿ ಜಾಸ್ತಿ ಪಾಲು ಮೊಲಕ್ಕೆ ಅಂತ ಮಾಡಿದವು.

ಈ ಲೇಖನ ಈಗಾಗಲೇ ಅಟ್ಟದ ಗೂಡು ಇರುವವರಿಗೆ, ಇಲ್ಲವೇ ಮಾಡಿಸಬೇಕು ಅಂತಿರುವವರಿಗೆ. ಒಂದು ಭಾನುವಾರ, ಒಬ್ಬ ಕಾರ್ಪೆಂಟರ್ (ಅಥವಾ ಮನೆಯಲ್ಲೇ ಡ್ರಿಲ್ ಹಿಡಿಯಲು ಬರುವ ಯಾರಾದರೂ), ಒಂದು ಅಳತೆ ಟೇಪು ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಇವು ಯಾಕೆ ಬೀಳುತ್ತವೆ

ಬೆಕ್ಕನ್ನೋ ಅಳಿಲನ್ನೋ ನೋಡಿ ಅಭ್ಯಾಸವಾದ ನಮಗೆ, ನಾಲ್ಕು ಕಾಲಿನ ಸಣ್ಣ ಪ್ರಾಣಿ ಅಂದರೆ ಹತ್ತುತ್ತದೆ, ಹಾರುತ್ತದೆ ಅನ್ನಿಸುತ್ತದೆ. ಗಿನಿ ಪಿಗ್ ಆ ಜಾತಿಗೆ ಸೇರಿದ್ದಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ ಪ್ರಾಣಿ ಇದು. ಇದರ ಕಾಡಿನ ಬಂಧುಗಳು ಎತ್ತರದ ಹುಲ್ಲಿನ ನಡುವೆ ಓಡಾಡಿ ಓಡಾಡಿ ಸುರಂಗದಂಥ ದಾರಿ ಮಾಡಿಕೊಂಡು ಬದುಕುತ್ತವೆ. ಹೆದರಿದರೆ ಗೊತ್ತಿರುವುದು ಎರಡೇ: ಕಲ್ಲಿನಂತೆ ನಿಂತುಬಿಡುವುದು, ಇಲ್ಲವೇ ಮರೆ ಕಂಡ ಕಡೆಗೆ ನೇರ ಓಡುವುದು. ಕಣ್ಣು ತಲೆಯ ಎರಡೂ ಪಕ್ಕದಲ್ಲಿ ಇರುವುದರಿಂದ ಸುತ್ತಮುತ್ತ ಚೆನ್ನಾಗಿ ಕಾಣುತ್ತದೆ, ಆಳ ಮಾತ್ರ ಸರಿಯಾಗಿ ತಿಳಿಯುವುದಿಲ್ಲ. ಅದರ ಮೇಲೆ ಒಂದು ಕಿಲೋ ಆಸುಪಾಸಿನ ದುಂಡು ದೇಹ, ಕಡ್ಡಿಯಂಥ ಕಾಲು. ಅಂಚಿಗೆ ಬಂದಾಗ ಬೆಕ್ಕು ನಿಂತು ಅಳೆಯುತ್ತದೆ. ಇದು ಅಂಚು ದಾಟಿದ ಮೇಲೆ ಅಂಚು ಇತ್ತು ಅಂತ ತಿಳಿಯುತ್ತದೆ.

ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ಕಣ್ಣು ಮುಚ್ಚಿ ಓಡಿ ಬಂದರೂ ಪರವಾಗಿಲ್ಲವಾ?

ಶುರುವಿಗೆ ಮುಂಚೆ: ಕೆಳಗಿನ ನೆಲ ಸಾಕಷ್ಟಿದೆಯಾ?

ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲಾಟಿನಲ್ಲಿ ಜಾಗ ಇಲ್ಲ, ಹಾಗಾಗಿ ಮೇಲಕ್ಕೆ ಕಟ್ಟುತ್ತೇವೆ. ಸೈಟು ಚಿಕ್ಕದಾದರೆ ಮಹಡಿ ಏರಿಸುವ ನಮ್ಮೂರಿನ ಲೆಕ್ಕ ಇದು. ಗಿನಿ ಪಿಗ್‌ಗೆ ಈ ಲೆಕ್ಕ ಒಪ್ಪುವುದಿಲ್ಲ. ಅವಕ್ಕೆ ಬೇಕಾದದ್ದು ಒಂದೇ ಮಟ್ಟದ, ಉದ್ದಕ್ಕೆ ಓಡಬಹುದಾದ ನೆಲ. ಎರಡು ಗಿನಿ ಪಿಗ್‌ಗಳಿಗೆ ಕಡಿಮೆ ಅಂದರೆ 7.5 ಚದರ ಅಡಿ, ಸಾಧ್ಯವಾದರೆ 10.5 ಚದರ ಅಡಿ ಇರಲಿ ಅನ್ನುವುದು ಸಾಕುವವರಲ್ಲಿ ಬಳಕೆಯಲ್ಲಿರುವ ಅಳತೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಎಂಟು ಚದರ ಅಡಿ ಆಯಿತು. ಇದರಲ್ಲಿ ಅಟ್ಟದ ಜಾಗ ಸೇರಿಸಬೇಡಿ. ಅಟ್ಟ ಮೇಲಿನ ಗಳಿಕೆ ಅಷ್ಟೇ.

ನಿಮ್ಮ ಗೂಡು ಎರಡಡಿಗೆ ಎರಡಡಿ ಇದ್ದು, ಮೂರು ಅಂತಸ್ತು ಇದ್ದರೆ ನಾನು ನೇರವಾಗಿ ಹೇಳುತ್ತೇನೆ: ರೇಲಿಂಗ್ ಹಾಕಿಸುವ ದುಡ್ಡು ಉಳಿಸಿ, ಅದಕ್ಕೆ ಪಕ್ಕದಲ್ಲಿ ಇನ್ನೊಂದು ನೆಲದ ತುಂಡು ಸೇರಿಸಿ. ಮೂರನೇ ಅಂತಸ್ತನ್ನು ಹಲಗೆ ಹೊಡೆದು ಮುಚ್ಚಿ, ಹುಲ್ಲು ಇಡಲು ಬಳಸಿ.

ಹೆಜ್ಜೆ 1: ಖಾಲಿ ಮಾಡಿ, ಕೈಗೆ ಸಾಕ್ಸ್ ಹಾಕಿಕೊಳ್ಳಿ

ಗೂಡನ್ನು ಪೂರ್ತಿ ಖಾಲಿ ಮಾಡಿ. ಕೈಗೆ ಹಳೆಯ ತೆಳು ಸಾಕ್ಸ್ ಹಾಕಿಕೊಂಡು ಒಳಗಿನ ಪ್ರತಿ ಹಲಗೆ, ಅಂಚು, ಜಾಲರಿ, ಹಿಂಜ್ ಮೇಲೆ ಸವರುತ್ತಾ ಹೋಗಿ. ಸಾಕ್ಸ್ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೊಳೆಯ ತುದಿ, ಸೀಳು, ಕತ್ತರಿಸಿದ ತಂತಿ ಇದೆ ಅಂತ ಅರ್ಥ. ಸೀಳನ್ನು ಉಪ್ಪು ಕಾಗದದಿಂದ ಉಜ್ಜಿ. ಸ್ಕ್ರೂ ಹೊರಗೆ ಚಾಚಿದ್ದರೆ ಗಿಡ್ಡ ಸ್ಕ್ರೂ ಹಾಕಿ. ಜಾಲರಿಯ ಕತ್ತರಿಸಿದ ತುದಿಗಳ ಮೇಲೆ ಒಂದು ರೀಪರ್ ಪಟ್ಟಿ ಕೂರಿಸಿ. ಸ್ಟೇಪ್ಲರ್ ಪಿನ್ನಿನಲ್ಲಿ ಜಾಲರಿ ಹೊಡೆದಿದ್ದರೆ ಅದನ್ನು ನಂಬಬೇಡಿ, ಒಂದೆರಡು ವರ್ಷದಲ್ಲಿ ಅವು ಒಂದೊಂದಾಗಿ ಉದುರುತ್ತವೆ. ವಾಷರ್ ಇಟ್ಟು ಸ್ಕ್ರೂ ಹಾಕಿ.

ಹಾಗೆಯೇ ಅಟ್ಟವನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲುಗಿದರೆ ಕೆಳಗೆ ನಾಲ್ಕೂ ಮೂಲೆಗೆ ಎಲ್ ಆಂಗಲ್ ಹಾಕಿಸಿ. ನೆಲ ಅಲುಗುತ್ತಿದೆ ಅನ್ನಿಸಿದರೆ ಗಿನಿ ಪಿಗ್ ನಡೆಯುವುದಿಲ್ಲ, ಗಾಬರಿಯಿಂದ ಓಡುತ್ತದೆ. ಆಂಗಲ್, ಹಿಂಜ್, ಜಾಲರಿ ಎಲ್ಲ ಒಂದೇ ಸುತ್ತಿನಲ್ಲಿ ಬೇಕು ಅಂದರೆ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಕಡೆ ಹೋಗಿ. ಬೈಕಿನಲ್ಲಿ ಜಾಲರಿ ಸುರುಳಿ ತರುವ ಸಾಹಸ ಮಾತ್ರ ಬೇಡ, ನಾನು ಮಾಡಿ ಅನುಭವಿಸಿದ್ದೇನೆ.

ಹೆಜ್ಜೆ 2: ಅಟ್ಟವನ್ನು ತಗ್ಗಿಸಿ

ಅಟ್ಟದ ನೆಲ ಕೆಳಗಿನ ನೆಲದಿಂದ ಒಂದು ಅಡಿ, ಅಂದರೆ 30 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸಾಕು. ಕೆಳಗೆ ಗಿನಿ ಪಿಗ್ ಹಿಂಗಾಲ ಮೇಲೆ ನಿಲ್ಲಲೂ, ನೀವು ಕೈ ಹಾಕಿ ಗುಡಿಸಲೂ ಅಷ್ಟು ಜಾಗ ಬೇಕು. ಅದಕ್ಕಿಂತ ಹೆಚ್ಚಿದಷ್ಟೂ ಬಿದ್ದಾಗ ಪೆಟ್ಟು ಜಾಸ್ತಿ, ಇಳಿಜಾರು ಹಲಗೆಯೂ ಉದ್ದ ಬೇಕು.

ರೆಡಿಮೇಡ್ ಗೂಡಿನಲ್ಲಿ ಅಟ್ಟ ಒಂದೂವರೆ ಅಡಿಯಲ್ಲೋ ಎರಡು ಅಡಿಯಲ್ಲೋ ಇರುತ್ತದೆ. ನಮ್ಮದೂ ಹಾಗೇ ಇತ್ತು. ಬಿಚ್ಚಿ ಕೆಳಗೆ ಕೂರಿಸಲು ಆದರೆ ಕೂರಿಸಿ. ಆಗದಿದ್ದರೆ ನಡುವೆ ಒಂದು ಮೆಟ್ಟಿಲಕಟ್ಟೆ ಮಾಡಿ: ನೆಲದಿಂದ ಅರ್ಧ ಎತ್ತರಕ್ಕೆ, ಒಂದಡಿ ಉದ್ದಗಲದ ಗಟ್ಟಿ ಹಲಗೆ. ಕೆಳಗಿನಿಂದ ಅದಕ್ಕೊಂದು ಇಳಿಜಾರು, ಅದರಿಂದ ಅಟ್ಟಕ್ಕೆ ಇನ್ನೊಂದು. ಆ ಕಟ್ಟೆಗೂ ಸುತ್ತ ತಡೆ ಇರಲಿ.

ಹೆಜ್ಜೆ 3: ಇಳಿಜಾರು ಹಲಗೆ

ಈ ಹೆಜ್ಜೆಯಲ್ಲಿ ಅವಸರ ಮಾಡಬೇಡಿ. ಇಡೀ ಗೂಡಿನಲ್ಲಿ ಒಂದೇ ಒಂದು ಸರಿಮಾಡಲು ನಿಮಗೆ ಪುರುಸೊತ್ತಿದ್ದರೆ ಅದು ಇದೇ ಆಗಿರಲಿ.

ಮೊದಲು ಇಳಿಜಾರು ಎಷ್ಟಿರಬೇಕು ಅನ್ನುವುದು. ಕೋನಮಾಪಕ ಹುಡುಕಬೇಡಿ, ಒಂದು ಸುಲಭ ಲೆಕ್ಕ ಇದೆ. ಅಟ್ಟದ ಎತ್ತರದ ಎರಡೂವರೆ ಪಟ್ಟು ಹಲಗೆಯ ಉದ್ದ. ಒಂದಡಿ ಎತ್ತರಕ್ಕೆ ಎರಡೂವರೆ ಅಡಿ ಹಲಗೆ. ಆಗ ಕೋನ ಸುಮಾರು 24 ಡಿಗ್ರಿ ಬರುತ್ತದೆ. ಎರಡೇ ಪಟ್ಟು ಇದ್ದರೆ 30 ಡಿಗ್ರಿ, ಅದು ಕಟ್ಟಕಡೆಯ ಮಿತಿ. ಮೂರು ಪಟ್ಟು ಹಾಕುವಷ್ಟು ಜಾಗ ಇದ್ದರೆ 20 ಡಿಗ್ರಿಯ ಹತ್ತಿರ ಬರುತ್ತದೆ, ವಯಸ್ಸಾದವಕ್ಕೆ ಬಹಳ ಹಿತ. ನಮ್ಮ ಹಳೆಯ ಗೂಡಿನಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಎರಡು ಅಡಿ ಹಲಗೆ ಇತ್ತು. ಸುಮಾರು 49 ಡಿಗ್ರಿ. ಅದನ್ನು ಇಳಿಜಾರು ಅನ್ನುವುದಕ್ಕಿಂತ ಜಾರುಬಂಡೆ ಅನ್ನಬಹುದು.

ಅಗಲ ಹತ್ತು ಇಂಚು ಇರಲಿ, ಹನ್ನೆರಡಾದರೆ ಇನ್ನೂ ಒಳ್ಳೆಯದು. ಒಂದು ಗಿನಿ ಪಿಗ್ ಹೋಗಲು ಆರು ಇಂಚು ಸಾಕು ಅನ್ನಿಸಬಹುದು. ಆದರೆ ಒಂದು ಹತ್ತುವಾಗ ಇನ್ನೊಂದು ಇಳಿಯುತ್ತದಲ್ಲ? ನಡುವೆ ಎದುರಾದರೆ ಎರಡೂ ಹಿಂದೆ ಸರಿಯುವ ಜಾಯಮಾನದವಲ್ಲ.

ಇನ್ನು ಮೇಲ್ಮೈ. ಕಾರ್ಪೆಂಟರ್‌ಗಳಿಗೆ ಸನ್‌ಮೈಕ ಅಂದರೆ ಪ್ರೀತಿ, ಒರೆಸುವುದೂ ಸುಲಭ. ಇಳಿಜಾರಿನ ಮೇಲೆ ಮಾತ್ರ ಅದು ಬೇಡವೇ ಬೇಡ. ನುಣುಪು ಹಲಗೆಯ ಮೇಲೆ ಗಿನಿ ಪಿಗ್‌ನ ಅಂಗಾಲು ನಿಲ್ಲುವುದಿಲ್ಲ. ರೆಡಿಮೇಡ್ ಗೂಡಿನಲ್ಲಿ ಅಡ್ಡಕ್ಕೆ ಸಣ್ಣ ಮರದ ಪಟ್ಟಿ ಹೊಡೆದಿರುತ್ತಾರೆ. ಅವು ದೂರ ದೂರ ಇದ್ದರೆ ಓಡುವಾಗ ಉಗುರು ಸಿಕ್ಕಿಕೊಳ್ಳುತ್ತದೆ, ಕಾಲು ನಡುವೆ ಇಳಿಯುತ್ತದೆ. ನನಗೆ ಹಿಡಿಸಿದ್ದು ಪಟ್ಟಿಯ ಮೇಲೆ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್) ಬಟ್ಟೆ ಹಾಸುವುದು. ಎರಡೂವರೆ ಇಂಚಿಗೊಂದು ಪಟ್ಟಿ, ಅದರ ಮೇಲೆ ಬಿಗಿಯಾಗಿ ಎಳೆದು ಹಲಗೆಯ ಹಿಂಭಾಗಕ್ಕೆ ವೆಲ್ಕ್ರೋ ಹಚ್ಚಿದ ಫ್ಲೀಸ್ ಕವಚ. ವಾರಕ್ಕೊಮ್ಮೆ ಬಿಚ್ಚಿ ಒಗೆಯಬಹುದು. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೇಳಿ, ಮನೆಯಲ್ಲಿ ಹಳೆಯ ಫ್ಲೀಸ್ ಹೊದಿಕೆ ಇದ್ದರೆ ಅದೇ ಆದೀತು. ಟರ್ಕಿ ಟವಲ್ ಹಾಸಬೇಡಿ, ಅದರ ನೂಲಿನ ಕುಣಿಕೆಗೆ ಉಗುರು ಸಿಗುತ್ತದೆ. ನಾರಿನ ಕಾಲೊರಸು ಅಂಗಾಲನ್ನು ಉಜ್ಜಿ ಹುಣ್ಣು ಮಾಡುತ್ತದೆ.

ಎರಡೂ ಪಕ್ಕಕ್ಕೆ ಆರು ಇಂಚಿನ ತಡೆ. ಇಲ್ಲೇ ನನ್ನ ಮತ್ತು ಕಾರ್ಪೆಂಟರ್ ನಡುವೆ ವಾದ ಆಗಿದ್ದು.

"ಅಕ್ಕ, ಇಲಿಗೆಲ್ಲ ಯಾಕೆ ರೇಲಿಂಗು? ಬಿದ್ದರೆ ಎದ್ದು ಓಡುತ್ತೆ."

"ಇಲಿ ಬಿದ್ದರೆ ಅದೇ ಓಡುತ್ತೆ ಅಣ್ಣ. ಇದು ಬಿದ್ದರೆ ಆಸ್ಪತ್ರೆಗೆ ಓಡೋದು ನಾನು."

ಅವರು ನಗುತ್ತಾ ಕೊಯ್ದುಕೊಟ್ಟರು. ಪಕ್ಕದ ತಡೆ ಕಂಬಿ ಕಂಬಿಯಾಗಿರದೆ ಗಟ್ಟಿ ಹಲಗೆಯಾಗಿರಲಿ. ಕಂಬಿಯ ನಡುವೆ ತಲೆ ತೂರಿಸುವ ಚಟ ಇವಕ್ಕೆ ಇದೆ. ಅಲ್ಲದೆ ಪಕ್ಕದಲ್ಲಿ ಏನೂ ಕಾಣದಿದ್ದರೆ ಅವು ನೇರ ಮುಂದೆ ನೋಡಿಕೊಂಡು ಇಳಿಯುತ್ತವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೇಲೊಂದು ಬಟ್ಟೆಯ ಚಾವಣಿ ಕಟ್ಟಿದರೆ ಇಡೀ ಇಳಿಜಾರು ಸುರಂಗ ಆಗುತ್ತದೆ. ಅಟ್ಟಕ್ಕೆ ಹತ್ತಲು ಒಲ್ಲೆ ಅನ್ನುವ ಗಿನಿ ಪಿಗ್ ಸುರಂಗ ಕಂಡರೆ ತಾನೇ ನುಗ್ಗುತ್ತದೆ. ಕಡ್ಲೆ ಎರಡು ತಿಂಗಳು ಹತ್ತದವಳು, ಹಳೆಯ ದಿಂಬಿನ ಕವರ್ ಕಟ್ಟಿದ ಮೇಲೆ ಅದೇ ಸಂಜೆ ಹತ್ತಿದಳು.

ಹಲಗೆಯ ಎರಡು ತುದಿಯನ್ನೂ ನೋಡಿ. ಮೇಲಿನ ತುದಿ ಮತ್ತು ಅಟ್ಟದ ನೆಲದ ನಡುವೆ ಕಂಡಿ ಇದ್ದರೆ ಕಾಲು ಅದರಲ್ಲಿ ಇಳಿದು, ದೇಹ ಮುಂದೆ ಹೋಗಿ, ಮೂಳೆ ಮುರಿಯುತ್ತದೆ. ಕಿರುಬೆರಳು ತೂರದಷ್ಟು ಬಿಗಿಯಾಗಿರಬೇಕು. ಹಿಂಜ್ ಇದ್ದರೆ ಅದರ ಮೇಲೆ ಫ್ಲೀಸ್ ಮುಚ್ಚಿರಲಿ. ಕೆಳ ತುದಿಯ ಮುಂದೆ ಒಂದೂವರೆ ಅಡಿ ಖಾಲಿ ಜಾಗ ಬಿಡಿ. ಊಟದ ಬಟ್ಟಲು, ನೀರಿನ ಬಾಟಲಿ, ಇಟ್ಟಿಗೆ ಯಾವುದೂ ಅಲ್ಲಿ ಬೇಡ. ಓಡಿ ಇಳಿದದ್ದು ಮುಖ ಹೊಡೆಸಿಕೊಳ್ಳುವುದು ಅಲ್ಲೇ.

ಹೆಜ್ಜೆ 4: ಕಂಡಿ ಮತ್ತು ಅಂಚು

ಬೆಲ್ಲ ಬಿದ್ದದ್ದು ಇಳಿಜಾರಿನಿಂದಲ್ಲ, ಇಳಿಜಾರು ಶುರುವಾಗುವ ಕಂಡಿಯಿಂದ. ಅಟ್ಟದ ನೆಲದಲ್ಲಿ ಚೌಕಾಕಾರದ ತೂತು, ಅದರ ಒಂದು ಬದಿಗೆ ಹಲಗೆ, ಉಳಿದ ಮೂರು ಬದಿ ಬಯಲು. ರೆಡಿಮೇಡ್ ಗೂಡುಗಳಲ್ಲಿ ಈ ಮಾದರಿ ಸಾಮಾನ್ಯ. ನಿಮ್ಮದೂ ಹೀಗೇ ಇದ್ದರೆ ಇವತ್ತೇ ಆ ಮೂರು ಬದಿಗೂ ಎಂಟು ಇಂಚು ಎತ್ತರದ ಹಲಗೆ ನಿಲ್ಲಿಸಿ. ಹಲಗೆ ಸಿಗುವವರೆಗೆ ದಪ್ಪ ರಟ್ಟಾದರೂ ಆಗಲಿ.

ಅಟ್ಟದ ಹೊರ ಅಂಚಿಗೂ ಎಂಟು ಇಂಚಿನ ತಡೆ ಬೇಕು. ಮೇಲಿಂದ ಚಾವಣಿಯವರೆಗೆ ಜಾಲರಿ ಮುಚ್ಚಿದ್ದರೆ ಇನ್ನೂ ನೆಮ್ಮದಿ. ತಡೆ ಹಾಕಿದವರು ಮಾಡುವ ಒಂದು ತಪ್ಪು: ಅದಕ್ಕೆ ಒತ್ತಿ ಒಂದು ರಟ್ಟಿನ ಪೆಟ್ಟಿಗೆ ಇಡುವುದು. ಗಿನಿ ಪಿಗ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತರೆ ಎಂಟು ಇಂಚಿನ ತಡೆ ಮೂರು ಇಂಚು ಆಗುತ್ತದೆ. ಅಡಗುವ ಪೆಟ್ಟಿಗೆಗಳನ್ನು ಗೋಡೆ ಬದಿಗೆ ಇಡಿ.

ಹೆಜ್ಜೆ 5: ಕಾಲ ಕೆಳಗಿನ ನೆಲ

ಅಟ್ಟದ ನೆಲ ತಂತಿ ಜಾಲರಿಯದ್ದಾದರೆ ಮೇಲೆ ಹಲಗೆ ಹಾಸಿ. ಬರಿಯ ತಂತಿಯ ಮೇಲೆ ಓಡಾಡಿದರೆ ಅಂಗಾಲು ಕೆಂಪಾಗಿ, ಊದಿ, ಹುಣ್ಣಾಗುತ್ತದೆ. ಕಾಲು ತೂರಿ ಮುರಿಯುವುದೂ ಉಂಟು.

ಹಲಗೆಯ ವಿಷಯಕ್ಕೆ ಬಂದರೆ, ಮಾಮೂಲು ಪ್ಲೈವುಡ್ ಮೂತ್ರ ಕುಡಿದು ಉಬ್ಬಿ ಆರು ತಿಂಗಳಲ್ಲಿ ಪದರ ಬಿಡುತ್ತದೆ. ಐಎಸ್ 710 ಗುರುತಿರುವ ಮರೀನ್ ಪ್ಲೈ ನೀರಿಗೆ ತಡೆದುಕೊಳ್ಳುತ್ತದೆ. ಅದರ ಅಂಚನ್ನು ಮಾತ್ರ ಹಲ್ಲಿಗೆ ಸಿಗದ ಹಾಗೆ ಮರದ ಪಟ್ಟಿ ಹೊಡೆದು ಮುಚ್ಚಿ, ಒಳಗಿರುವುದು ಅಂಟು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಅಗ್ಗಕ್ಕೆ ಸಿಗುತ್ತದೆ, ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ದರೆ ಕಾಯಿಸಿ ಹದ ಮಾಡಿದ್ದು, ಬಳಸಬಹುದು. ಎಂಬಿ ಅಂತ ಇದ್ದರೆ ವಿಷದ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ. ಬಣ್ಣ ಹಚ್ಚಲೇಬೇಡಿ. ಮನೆಯ ಮೂಲೆಯಲ್ಲಿ ಉಳಿದ ಹಳೆಯ ಎನಾಮಲ್ ಡಬ್ಬಿಯಂತೂ ಬೇಡ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ.

ಫ್ಲೀಸ್ ಹಾಸುವವರಿಗೆ ಒಂದು ಮಾತು. ಬಟ್ಟೆ ಕಂಡಿಯ ಅಂಚಿನಿಂದ ಆಚೆ ಜೋತುಬಿದ್ದಿದ್ದರೆ ಗಿನಿ ಪಿಗ್‌ಗೆ ಅದೂ ನೆಲದಂತೆಯೇ ಕಾಣುತ್ತದೆ. ಕಾಲಿಟ್ಟರೆ ಬಟ್ಟೆ ಸಮೇತ ಕೆಳಗೆ. ಅಂಚಿನಲ್ಲಿ ಬಟ್ಟೆ ಮಡಚಿ ಹಲಗೆಯ ಅಡಿಗೆ ಸೇರಿಸಿ, ಕ್ಲಿಪ್ ಹಾಕಿ. ಮೂರು ನಾಲ್ಕು ವಾರಕ್ಕೊಮ್ಮೆ ಉಗುರು ನೋಡಿ, ಬೆಳೆದಿದ್ದರೆ ಕತ್ತರಿಸಿ. ಬಾಗಿದ ಉಗುರು ಎಂಥ ಒಳ್ಳೆಯ ಇಳಿಜಾರನ್ನೂ ಕೆಡಿಸುತ್ತದೆ.

ಹೆಜ್ಜೆ 6: ಅಟ್ಟ ಬೋನಾಗಬಾರದು

ಎರಡು ಗಂಡು ಇದ್ದರೆ ಇದನ್ನು ಬಿಡಬೇಡಿ. ಅಟ್ಟಕ್ಕೆ ಒಂದೇ ದಾರಿ ಇದ್ದು, ಜೋರಿನವನು ಆ ದಾರಿಯಲ್ಲಿ ನಿಂತರೆ, ಮೇಲಿರುವವನಿಗೆ ಉಳಿಯುವುದು ಹಾರುವುದೊಂದೇ. ಜಾಗ ಇದ್ದರೆ ಎರಡನೇ ಇಳಿಜಾರು ಹಾಕಿ. ಇಲ್ಲದಿದ್ದರೆ ಮೇಲೆ ಇಡುವ ಪೆಟ್ಟಿಗೆಗೆ ಎರಡು ಬಾಗಿಲು ಕೊರೆಯಿರಿ, ನೀರು ಮತ್ತು ಹುಲ್ಲು ಎರಡೂ ಮಟ್ಟದಲ್ಲಿ ಇರಲಿ. ಜಗಳಕ್ಕೆ ಅರ್ಧ ಕಾರಣ ಅಲ್ಲೇ ಮುಗಿಯುತ್ತದೆ.

ಹೆಜ್ಜೆ 7: ಹೊರಗಿನ ವೈರಿಗಳು

ಬೆಂಗಳೂರಿನಲ್ಲಿ ಗಿನಿ ಪಿಗ್‌ಗೆ ವೈರಿ ಯಾರು ಅಂತ ಕೇಳಿದರೆ ಜನ ನಾಯಿ ಅನ್ನುತ್ತಾರೆ. ನಾನು ಹೆಗ್ಗಣ ಅನ್ನುತ್ತೇನೆ. ನೆಲಮಹಡಿಯ ಮನೆ, ಪಕ್ಕದಲ್ಲಿ ಮೋರಿ, ರಾತ್ರಿ ಬಾಲ್ಕನಿಯಲ್ಲಿ ಗೂಡು: ಹೆಗ್ಗಣಕ್ಕೆ ಇನ್ನೇನು ಬೇಕು? ಕಾಳು, ಹುಲ್ಲು, ತರಕಾರಿ ವಾಸನೆಗೆ ಬಂದದ್ದು ಮರಿಯನ್ನೂ ಕಚ್ಚೀತು. ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ತೆಳು ಜಾಲರಿ ಹೆಗ್ಗಣದ ಹಲ್ಲಿಗೂ ನಾಯಿಯ ಉಗುರಿಗೂ ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಜಾಲರಿ ಹಾಕಿಸಿ, ಗೂಡಿನ ತಳಕ್ಕೂ ಸೇರಿಸಿ. ಊರಾಚೆಯ ಬಡಾವಣೆಗಳಲ್ಲಿ ಹಾವಿನ ಕಾಟಕ್ಕೂ ಇದೇ ಉತ್ತರ.

ಅಗುಳಿಯ ಬಗ್ಗೆ ಕೋತಿ ಇರುವ ಬಡಾವಣೆಯವರಿಗೆ ಹೇಳಬೇಕಾಗಿಲ್ಲ. ಕೊಕ್ಕೆ ಹಾಕುವ ಬಾಗಿಲನ್ನು ಕೋತಿ ನಮಗಿಂತ ಬೇಗ ತೆಗೆಯುತ್ತದೆ. ಟವರ್ ಬೋಲ್ಟ್ ಹಾಕಿ, ಅದರ ಕಿವಿಗೆ ಒಂದು ಸಣ್ಣ ಬೀಗ. ಅಟ್ಟದ ಬಾಗಿಲಿಗೂ ಬೇರೆ ಬೋಲ್ಟ್ ಬೇಕು, ಅದನ್ನು ಮರೆಯುವವರೇ ಜಾಸ್ತಿ. ಬಾಗಿಲು ತೆಗೆದಾಗ ಮುಂದೆಯೇ ಒಂದು ನಾಲ್ಕು ಇಂಚಿನ ಹೊಸ್ತಿಲು ಇದ್ದರೆ, ಸೊಪ್ಪು ಕಂಡು ನುಗ್ಗುವ ಗಿನಿ ಪಿಗ್ ನೇರ ನಿಮ್ಮ ಕಾಲ ಮೇಲೆ ಬೀಳುವುದು ತಪ್ಪುತ್ತದೆ.

ಮತ್ತೆ ಇರುವೆ. ಹಿಂದೆ ಹಾಲು ಬೆಣ್ಣೆ ಇಡುವ ಜಾಲರಿ ಬೀರುವಿನ ಕಾಲಿಗೆ ನೀರಿನ ಬಟ್ಟಲು ಕೊಡುತ್ತಿದ್ದರಲ್ಲ, ಅದನ್ನೇ ಗೂಡಿನ ಕಾಲಿಗೂ ಕೊಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲವಾದರೆ ಡೆಂಗಿ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ. ಇರುವೆ, ಜಿರಳೆಗೆ ಎಳೆಯುವ ಸೀಮೆಸುಣ್ಣದಂಥ ಕಡ್ಡಿಯಲ್ಲಿರುವುದು ಕೀಟನಾಶಕ. ಮೂಗು ನೆಲಕ್ಕಿಟ್ಟು ಓಡಾಡುವ ಪ್ರಾಣಿಯ ಹತ್ತಿರ ಅದನ್ನು ತರಲೇಬೇಡಿ.

ಹೆಜ್ಜೆ 8: ಬಿಸಿಲು, ಮಳೆ, ಪಟಾಕಿ

18ರಿಂದ 24 ಡಿಗ್ರಿ ಗಿನಿ ಪಿಗ್‌ಗೆ ಹಿತವಾದ ಹವೆ. ಬೆಂಗಳೂರು ತಂಪು ಅನ್ನುವ ಹಳೆಯ ನಂಬಿಕೆಯಲ್ಲಿ ಇರಬೇಡಿ, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಬಿಸಿಗಾಳಿ ಮೇಲೇರುವುದರಿಂದ ಅಟ್ಟವೇ ಮೊದಲು ಕಾಯುತ್ತದೆ. ಶೀಟ್ ಚಾವಣಿಯ ಕೆಳಗಿದ್ದರೆ ಮಾತೇ ಬೇಡ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಹೊತ್ತು ಅಟ್ಟದ ದಾರಿ ಮುಚ್ಚಿ. ಕೆಳಗೆ ಬಟ್ಟೆ ಸುತ್ತಿದ ಐಸ್ ಬಾಟಲಿ ಒಂದಿಡಿ. ಜೊಲ್ಲು ಸುರಿಸುತ್ತಾ, ಏದುಸಿರು ಬಿಡುತ್ತಾ ಚಪ್ಪಟೆ ಮಲಗಿದ್ದರೆ ಬಿಸಿಲಾಘಾತ. ಒದ್ದೆ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತಾ ಕೂಡಲೇ ವೈದ್ಯರ ಹತ್ತಿರ ಹೋಗಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಮಳೆಯ ಎರಚಲು ಬೀಳುವ ಬಾಲ್ಕನಿಯಲ್ಲಿ ಇಳಿಜಾರಿನ ಫ್ಲೀಸ್ ಒದ್ದೆಯಾದರೆ ಜಾರುತ್ತದೆ. ಸಾಧ್ಯವಾದರೆ ಗೂಡನ್ನು ಮನೆಯೊಳಗೇ ಇಡಿ.

ದೀಪಾವಳಿಯ ಮೂರು ದಿನ, ಗಣೇಶನ ಮೆರವಣಿಗೆಯ ತಮಟೆ ಬೀದಿಗೆ ಬರುವ ಸಂಜೆ, ಅಟ್ಟ ಬಂದ್. ಮೊದಲೇ ಹೇಳಿದೆನಲ್ಲ, ಹೆದರಿದರೆ ನೇರ ಓಟ. ಒಂದು ಲಕ್ಷ್ಮಿ ಪಟಾಕಿಗೆ ನಮ್ಮವು ಗೂಡಿನ ಈ ತುದಿಯಿಂದ ಆ ತುದಿಗೆ ಹೋಗಿ ಗೋಡೆಗೆ ಗುದ್ದಿದ್ದನ್ನು ನೋಡಿದ್ದೇನೆ. ದಾರಿ ಮುಚ್ಚಲು ಒಂದು ಹಲಗೆಯ ತುಂಡನ್ನು ಅಳತೆಗೆ ಕೊಯ್ಸಿ, ಕೊಕ್ಕೆ ಹಾಕಿ ಇಟ್ಟುಕೊಳ್ಳಿ. ಕುಕ್ಕರ್ ಸೀಟಿಗೆ ಅವು ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತವೆ, ಅದರ ಚಿಂತೆ ಬೇಡ.

ಯಾರು ಹತ್ತಬಾರದು

ಮರಿಗಳು, ಬಸುರಿ, ಮುದಿ, ಕಾಯಿಲೆಯವು. ಅಂಗಡಿಯಿಂದ ತಂದ ಹೆಣ್ಣು ಹಲವು ಸಲ ಬಸುರಾಗಿಯೇ ಬಂದಿರುತ್ತದೆ. 'ಎರಡೂ ಹೆಣ್ಣೇ' ಅಂತ ಕೊಟ್ಟದ್ದರಲ್ಲಿ ಒಂದು ಗಂಡು ಇರುವುದೂ ಮಾಮೂಲು. ಗರ್ಭದ ಅವಧಿ 59ರಿಂದ 72 ದಿನ, ಹಾಗಾಗಿ ಹೊಸದಾಗಿ ತಂದ ಹೆಣ್ಣಿಗೆ ಮೊದಲ ಎರಡೂವರೆ ತಿಂಗಳು ಅಟ್ಟ ಮುಚ್ಚಿಡಿ. ಮರಿ ಹುಟ್ಟುವಾಗಲೇ ಕಣ್ಣು ತೆರೆದು, ಕೂದಲು ಹೊತ್ತು ಬರುತ್ತದೆ, ಕೆಲವೇ ಗಂಟೆಯಲ್ಲಿ ಓಡುತ್ತದೆ. ದೊಡ್ಡದಕ್ಕೆ ಸರಿಹೋಗುವ ಕಂಬಿಯ ಸಂದಿ ಅದಕ್ಕೆ ಹೆಬ್ಬಾಗಿಲು.

ನಿನ್ನೆಯವರೆಗೆ ಹತ್ತುತ್ತಿದ್ದದ್ದು ಇವತ್ತು ಇಳಿಜಾರಿನ ಬುಡದಲ್ಲಿ ನಿಂತು ನೋಡುತ್ತಿದ್ದರೆ ಸೋಮಾರಿತನ ಅಂದುಕೊಳ್ಳಬೇಡಿ. ನಮ್ಮಂತೆಯೇ ಇವಕ್ಕೂ ದೇಹದಲ್ಲಿ ವಿಟಮಿನ್ ಸಿ ತಯಾರಾಗುವುದಿಲ್ಲ, ಕಡಿಮೆಯಾದರೆ ಕೀಲು ನೋಯುತ್ತದೆ. ದಿನಾ ಒಂದಿಷ್ಟು ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸಿಗುತ್ತಿದೆಯಾ ನೋಡಿ. ಅಂಗಾಲು ನೋಡಿ. ಎರಡೂ ಸರಿ ಇದ್ದೂ ಹತ್ತದಿದ್ದರೆ ಡಾಕ್ಟರಿಗೆ ತೋರಿಸಿ.

ಆದರೂ ಬಿದ್ದರೆ

ಎತ್ತಿ ಮುದ್ದಾಡಬೇಡಿ, ಕಾಲು ನೀವಬೇಡಿ. ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ ಮೂಲೆಯಲ್ಲಿ ಹತ್ತು ನಿಮಿಷ ಬಿಡಿ. ಆಮೇಲೆ ಹಲ್ಲು, ಬಾಯಲ್ಲಿ ರಕ್ತ, ಕಾಲು ಊರುತ್ತದೆಯಾ ನೋಡಿ. ಕಾಲು ಎಳೆಯುತ್ತಿದ್ದರೆ, ಉಸಿರು ಬೇರೆ ಥರ ಇದ್ದರೆ ಆಗಲೇ ಹೊರಡಿ. ಏನೂ ಕಾಣದಿದ್ದರೂ ತಿನ್ನುವುದು ನಿಲ್ಲಿಸಿದರೆ ಕಾಯಬೇಡಿ, ಗಿನಿ ಪಿಗ್ ಅರ್ಧ ದಿನ ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಲ್ಲುವ ಅಪಾಯ ಇದೆ. ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧ ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು, ಪ್ರಾಣಿಯನ್ನೇ ಕೊಲ್ಲುತ್ತದೆ.

ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರೂ ಗಿನಿ ಪಿಗ್ ನೋಡುವುದಿಲ್ಲ. ಬೆಲ್ಲ ಬಿದ್ದ ರಾತ್ರಿ ನಾವು ಮೊದಲು ಹೋದ ಕಡೆ 'ಇದಕ್ಕೆ ನಮ್ಮಲ್ಲಿ ಇಲ್ಲ' ಅಂದರು, ಎರಡನೇ ಕಡೆ ಬೀಗ ಹಾಕಿತ್ತು. ಇವತ್ತೇ ಫೋನ್ ಮಾಡಿ ಕೇಳಿ, ನೋಡುವವರ ನಂಬರ್ ಗೂಡಿನ ಬಾಗಿಲಿಗೇ ಅಂಟಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ಅಲ್ಲೂ ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಕೊನೆಗೆ ಕವರ್ ಪರೀಕ್ಷೆ

ಕೆಲಸ ಎಲ್ಲ ಮುಗಿದು, ಅವು ಎರಡು ದಿನ ಹೊಸ ಗೂಡಿಗೆ ಒಗ್ಗಿಕೊಂಡ ಮೇಲೆ ಇದನ್ನು ಮಾಡಿ. ಎರಡೂ ಅಟ್ಟದ ಮೇಲಿರುವಾಗ, ಇಳಿಜಾರಿನ ಹತ್ತಿರ ದಪ್ಪ ಹಾಸು ಹಾಕಿ, ಮನೆಯವರು ಒಬ್ಬರು ಗೂಡಿನ ಪಕ್ಕ ಕೂರಲಿ. ನೀವು ಅಡುಗೆಮನೆಗೆ ಹೋಗಿ ಸೊಪ್ಪಿನ ಕವರ್ ಸರಸರ ಅನ್ನಿಸಿ. ಫೋನಿನಲ್ಲಿ ವಿಡಿಯೋ ಹಿಡಿಯಿರಿ, ಆಮೇಲೆ ನಿಧಾನಗತಿಯಲ್ಲಿ ನೋಡಿ. ಕಾಲು ಎಲ್ಲಿ ಜಾರಿತು, ಎದೆ ಎಲ್ಲಿ ತಾಗಿತು, ಯಾವ ತಿರುವಿನಲ್ಲಿ ಒಂದು ಇನ್ನೊಂದನ್ನು ತಳ್ಳಿತು, ಎಲ್ಲ ಕಾಣುತ್ತದೆ. ನಮ್ಮ ವಿಡಿಯೋದಲ್ಲಿ ಬೆಲ್ಲಳ ಹಿಂಗಾಲು ಇಳಿಜಾರಿನ ಕೆಳಗಿನ ಎರಡು ಪಟ್ಟಿಯ ನಡುವೆ ಒಂದು ಸಲ ಜಾರಿತ್ತು. ಅಲ್ಲಿ ಬಟ್ಟೆ ಸಡಿಲವಾಗಿತ್ತು. ವೆಲ್ಕ್ರೋ ಇನ್ನೊಂದು ತುಂಡು ಹೊಲಿದು, ಮಾರನೇ ಸಂಜೆ ಮತ್ತೆ ಕವರ್ ಅಲ್ಲಾಡಿಸಿದೆವು. ಪರೀಕ್ಷೆ ಆದಮೇಲೆ ಸೊಪ್ಪು ಕೊಡಲೇಬೇಕು, ಬರಿಗೈಯಲ್ಲಿ ಹೋದರೆ ಮುಂದಿನ ಸಲ ಯಾರೂ ಇಳಿಯುವುದಿಲ್ಲ.